ಬೋರ್‌ಹೋಲ್ ಸೀಸ್ಮಿಕ್ ಸರ್ವೆಯಲ್ಲಿ ಮೊದಲ ಅಲೆಯನ್ನು ಸರಿಯಾಗಿ ಹಿಡಿಯುವುದು ಹೇಗೆ? ಬೆಂಗಳೂರಿನ ಮಣ್ಣು, ಬಂಡೆಗೆ ಹೊಂದುವ ಸಮಗ್ರ ಮಾರ್ಗದರ್ಶಿ

ನೆಲದಲ್ಲಿ ರಂಧ್ರ (ಬೋರ್‌ಹೋಲ್) ಕೊರೆದು, ಹೊಡೆತ ಕೊಟ್ಟು, ಆ ಕಂಪನದ ಅಲೆ ರಂಧ್ರದೊಳಗಿನ ಜಿಯೋಫೋನಿಗೆ (ಕಂಪನ ಹಿಡಿಯುವ ಸಂವೇದಕ) ಎಷ್ಟು ಹೊತ್ತಿಗೆ ಬಂತು ಅಂತ ಅಳೆದು ಮಣ್ಣು, ಬಂಡೆಯಲ್ಲಿ ಅಲೆಯ ವೇಗ ತಿಳಿಯುವುದೇ ಈ ಸರ್ವೆ. ಮೊದಲು ಒಂದು ಲೆಕ್ಕ ನೋಡಿ. ಗಟ್ಟಿ ಬಂಡೆಯಲ್ಲಿ ಪಿ ಅಲೆ (ಸಾಗುವ ದಿಕ್ಕಿನಲ್ಲೇ ಕಂಪಿಸುವ, ಮೊದಲು ಬರುವ ಅಲೆ) ಸೆಕೆಂಡಿಗೆ ಸುಮಾರು 5000 ಮೀಟರ್ ವೇಗದಲ್ಲಿ ಹೋಗುತ್ತದೆ. ಒಂದು ಮೀಟರ್ ದಾಟಲು ಅದಕ್ಕೆ 0.2 ಮಿಲಿಸೆಕೆಂಡ್ ಸಾಕು. ನೀವು 20 ಮೀಟರ್ ಆಳದಲ್ಲಿ ಒಂದು ಸಮಯ ಗುರುತು ಮಾಡಿದಿರಿ, 21 ಮೀಟರಿನಲ್ಲಿ ಇನ್ನೊಂದು. ಎರಡರಲ್ಲೂ ತಲಾ 0.05 ಮಿಲಿಸೆಕೆಂಡ್ ಆಚೀಚೆ ಆಯಿತು ಅಂದುಕೊಳ್ಳಿ. ಆಗ ನಿಮಗೆ ಸಿಗುವ ವ್ಯತ್ಯಾಸ 0.1 ಆಗಬಹುದು, 0.3 ಕೂಡ ಆಗಬಹುದು. ಮೊದಲನೆಯದಾದರೆ ವೇಗ 10,000 ಮೀಟರ್, ಎರಡನೆಯದಾದರೆ ಸುಮಾರು 3,300. ಒಂದೇ ಬಂಡೆ, ಒಂದೇ ರೆಕಾರ್ಡ್, ಆದರೆ ಉತ್ತರ ಮೂರು ಪಟ್ಟು ಬೇರೆ.

ಅದೇ ತಪ್ಪು ಮೇಲಿನ ಕೆಂಪು ಮಣ್ಣಿನಲ್ಲಿ ಆಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಲ್ಲಿ ಎಸ್ ಅಲೆಯ (ಅಡ್ಡಡ್ಡ ಕಂಪಿಸುವ, ನಿಧಾನದ ಅಲೆ) ವೇಗ ಸೆಕೆಂಡಿಗೆ 250 ಮೀಟರ್ ಇದ್ದರೆ ಒಂದು ಮೀಟರಿಗೆ 4 ಮಿಲಿಸೆಕೆಂಡ್ ಬೇಕು. ಅದರಲ್ಲಿ 0.1 ಆಚೀಚೆ ಆದರೆ ಶೇ 2.5ರಷ್ಟು ವ್ಯತ್ಯಾಸ, ಅಷ್ಟೇ.

ಬೆಂಗಳೂರಿನಲ್ಲಿ ಈ ಎರಡೂ ಒಂದೇ ಬೋರ್‌ಹೋಲಿನಲ್ಲಿ ಸಿಗುತ್ತವೆ. ಅದಕ್ಕೇ ಈ ಬರಹ. ಮಣ್ಣು ಪರೀಕ್ಷೆ ಮಾಡುವ ಕಂಪನಿಗಳಲ್ಲಿ ಕೆಲಸ ಮಾಡುವವರು, ಭೂಭೌತಶಾಸ್ತ್ರ ಅಥವಾ ಜಿಯೋಟೆಕ್ನಿಕಲ್ ಓದುತ್ತಿರುವವರು, ಡೌನ್‌ಹೋಲ್ (ನೆಲದ ಮೇಲೆ ಹೊಡೆದು ರಂಧ್ರದಲ್ಲಿ ಅಳೆಯುವುದು), ಕ್ರಾಸ್‌ಹೋಲ್ (ಒಂದು ರಂಧ್ರದಿಂದ ಇನ್ನೊಂದಕ್ಕೆ ಅಳೆಯುವುದು) ಟೆಸ್ಟ್ ಮಾಡಿ ಬಂದ ಡೇಟಾ ಮುಂದೆ ಕೂತು ತಲೆ ಕೆರೆದುಕೊಳ್ಳುತ್ತಿರುವವರು, ಇವರಿಗೆಲ್ಲ ನಾನು ಹೇಳಬೇಕಾದ್ದು ಒಂದೇ. ಮೊದಲ ಅಲೆ ಸರಿಯಾಗಿ ಸಿಗುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಸೈಟಿನಲ್ಲೇ ತೀರ್ಮಾನ ಆಗಿರುತ್ತದೆ. ಸಾಫ್ಟ್‌ವೇರ್ ಇರುವುದನ್ನು ಹುಡುಕಿ ಕೊಡುತ್ತದೆ, ಇಲ್ಲದ್ದನ್ನು ತಂದು ಕೊಡುವುದಿಲ್ಲ. ಹಾಗಾಗಿ ಕಂಪ್ಯೂಟರಿನ ಮಾತು ಅರ್ಧ ದಾರಿ ಕಳೆದ ಮೇಲೆ ಬರುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ಕೆಳಗೆ ಏನಿದೆ ಅಂತ ಮೊದಲೇ ತಿಳಿದುಕೊಳ್ಳಿ

ಬೆಂಗಳೂರಿನ ತಳಪಾಯ ಪೆನಿನ್ಸುಲಾರ್ ನೈಸ್ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದು. ಲಾಲ್‌ಬಾಗಿನ ಗುಡ್ಡ ಇದೇ ಬಂಡೆಯೇ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಅಲ್ಲಿ ಫಲಕ ಕೂಡ ಇದೆ. ಲಾಲ್‌ಬಾಗಿನಲ್ಲಿ ಬಂಡೆ ನೆಲದ ಮೇಲೇ ಕಾಣುತ್ತದೆ. ಬೇರೆ ಕಡೆ ಹತ್ತಾರು ಮೀಟರ್ ಅಗೆದರೂ ಸಿಗದೆ ಇರಬಹುದು. ಒಂದೇ ಸೈಟಿನ ಎರಡು ಮೂಲೆಗಳಲ್ಲೇ ಬಂಡೆಯ ಆಳ ಬೇರೆ ಬೇರೆ ಇರುತ್ತದೆ. ಮೆಟ್ರೊ ಸುರಂಗ ಕೊರೆಯುವವರಿಗೆ ಯಂತ್ರದ ಮುಂದೆ ಅರ್ಧ ಮಣ್ಣು, ಅರ್ಧ ಬಂಡೆ ಬಂದು ಕಾಡಿದ್ದು ಇದೇ ಕಾರಣಕ್ಕೆ.

ಸಾಮಾನ್ಯವಾಗಿ ಮೇಲಿಂದ ಕೆಳಕ್ಕೆ ಸಿಗುವುದು ಹೀಗೆ: ತುಂಬಿದ ಮಣ್ಣು, ಕೆಂಪು ಮಣ್ಣು, ಮರಳು ಬೆರೆತ ಜೇಡಿ, ಶಿಥಿಲವಾದ ಬಂಡೆ, ಆಮೇಲೆ ಗಟ್ಟಿ ಬಂಡೆ. ಶಿಥಿಲ ಪದರದ ನಡುವೆ ಕೊಳೆಯದೆ ಉಳಿದ ದೊಡ್ಡ ಗುಂಡುಕಲ್ಲುಗಳೂ ಇರುತ್ತವೆ. ಹಳೇ ಕೆರೆ ಅಂಗಳವಾದರೆ ಕಥೆ ಇನ್ನೂ ಬೇರೆ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ಇಂಥ ಕಡೆ ಮೇಲಿನ ಪದರ ಮೆತ್ತಗೆ, ಹೊಡೆತದ ಶಕ್ತಿ ಅಲ್ಲೇ ಇಂಗಿಹೋಗುತ್ತದೆ.

ಇದನ್ನೆಲ್ಲ ಹೇಳಿದ್ದು ಯಾಕೆಂದರೆ, ಬೋರ್‌ಲಾಗ್ (ಕೊರೆಯುವಾಗ ಯಾವ ಆಳದಲ್ಲಿ ಏನು ಸಿಕ್ಕಿತು ಅನ್ನುವ ದಾಖಲೆ) ಕೈಯಲ್ಲಿ ಇಲ್ಲದೆ ಸುಮ್ನೆ ಪಿಕ್ ಮಾಡಲು, ಅಂದರೆ ಅಲೆ ಬಂದ ಕ್ಷಣ ಗುರುತಿಸಲು, ಕೂರಬೇಡಿ. ಯಾವ ಆಳದಲ್ಲಿ ಬಂಡೆ ಸಿಕ್ಕಿತು, ನೀರಿನ ಮಟ್ಟ ಎಲ್ಲಿತ್ತು, ಎಸ್‌ಪಿಟಿ ಎಣಿಕೆ (ಕೊಳವೆಯನ್ನು ಮಣ್ಣಿಗೆ ಹೊಡೆದಿಳಿಸಲು ಬೇಕಾದ ಹೊಡೆತಗಳ ಸಂಖ್ಯೆ) ಎಲ್ಲಿ ದಿಢೀರ್ ಏರಿತು, ಇವಿಷ್ಟು ಗೊತ್ತಿದ್ದರೆ ಅಲೆ ಯಾವ ಹೊತ್ತಿಗೆ ಬರಬೇಕು ಅನ್ನುವ ಅಂದಾಜು ಮೊದಲೇ ಸಿಗುತ್ತದೆ. ಅದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಕೇಸಿಂಗ್ ಮತ್ತು ಗ್ರೌಟ್

ಅಲೆ ಮಣ್ಣಿನಿಂದ ಜಿಯೋಫೋನಿಗೆ ಬರಬೇಕಾದರೆ ನಡುವೆ ಖಾಲಿ ಜಾಗ ಇರಬಾರದು. ಪಿವಿಸಿ ಕೇಸಿಂಗ್ (ರಂಧ್ರದೊಳಗಿನ ಪೈಪ್) ಇಳಿಸಿ, ಅದರ ಸುತ್ತ ಸಿಮೆಂಟ್ ಮತ್ತು ಬೆಂಟೊನೈಟ್ ಕಲಸಿದ ಗ್ರೌಟನ್ನು ಕೆಳಗಿನಿಂದ ಮೇಲಕ್ಕೆ ತುಂಬಿಸಬೇಕು. ಮೇಲಿಂದ ಸುರಿದರೆ ನಡುವೆ ಗಾಳಿ ಉಳಿಯುತ್ತದೆ. ಸಣ್ಣ ಪೈಪ್ ತಳದವರೆಗೆ ಇಳಿಸಿ ಅಲ್ಲಿಂದ ಪಂಪ್ ಮಾಡಿ, ಗ್ರೌಟ್ ಮೇಲೆ ಉಕ್ಕಿ ಬರುವ ತನಕ. ಆಮೇಲೆ ಗಟ್ಟಿಯಾಗಲು ಬಿಡಿ. ಇವತ್ತು ಗ್ರೌಟ್ ಹಾಕಿ ನಾಳೆ ಬೆಳಿಗ್ಗೆ ಟೆಸ್ಟ್ ಮಾಡಿ ಅಂತ ಒತ್ತಾಯ ಬಂದರೆ ಒಪ್ಪಬೇಡಿ. ಮಿಶ್ರಣದ ಗಡಸುತನ ಸುತ್ತಲಿನ ಮಣ್ಣಿಗೆ ಹತ್ತಿರ ಇದ್ದರೆ ಒಳ್ಳೆಯದು, ಬಂಡೆಯ ಭಾಗದಲ್ಲಿ ಸಿಮೆಂಟ್ ಜಾಸ್ತಿ ಇರಲಿ.

ಗ್ರೌಟ್ ಕೆಟ್ಟರೆ ಏನಾಗುತ್ತದೆ? ಹೊಡೆತದ ಶಕ್ತಿ ಕೇಸಿಂಗ್ ಹಿಡಿದು ನೇರ ಕೆಳಗೆ ಓಡುತ್ತದೆ. ಪಿವಿಸಿಯಲ್ಲಿ ಅಲೆ ಸೆಕೆಂಡಿಗೆ 2000 ಮೀಟರಿಗೂ ಜಾಸ್ತಿ ವೇಗದಲ್ಲಿ ಹೋಗುತ್ತದೆ, ಕಬ್ಬಿಣದ ಕೇಸಿಂಗ್ ಆದರೆ ಸುಮಾರು 5000. ಮಣ್ಣಿನಲ್ಲಿ ಬರುವ ನಿಜವಾದ ಅಲೆಗಿಂತ ಇದು ಮೊದಲು ತಲುಪುತ್ತದೆ. ನೋಡಲು ಚೆಂದದ, ಚೂಪಾದ ಮೊದಲ ಅಲೆ, ಆದರೆ ಅದು ನೆಲದ ಬಗ್ಗೆ ಏನೂ ಹೇಳುತ್ತಿಲ್ಲ. ಕಬ್ಬಿಣದ ಕೇಸಿಂಗಿನಲ್ಲಿ ಟೆಸ್ಟ್ ಮಾಡಲೇಬೇಡಿ ಅಂತ ನಾನು ಹೇಳುವುದು ಇದಕ್ಕೇ. 5000 ಅಂದರೆ ನಮ್ಮ ಬಂಡೆಯ ವೇಗವೂ ಅದೇ. ಮೋಸ ಹೋದರೂ ಗೊತ್ತಾಗುವುದಿಲ್ಲ.

ಇನ್ನು ಕೇಸಿಂಗ್ ಒಳಗೆ ನಿಂತ ನೀರು. ಅದರಲ್ಲಿ ಟ್ಯೂಬ್ ಅಲೆ ಹುಟ್ಟುತ್ತದೆ. ತುಂಬಾ ಬಲವಾದ ಅಲೆ, ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದೆ, ಎಸ್ ಅಲೆ ಬರುವ ಜಾಗವನ್ನು ಮುಚ್ಚಿಹಾಕುತ್ತದೆ. ಕೇಸಿಂಗಿನ ತಳ ಮುಚ್ಚಿದ್ದರೆ ಬೇಲರ್ (ನೀರೆತ್ತುವ ಕೊಳವೆ) ಇಳಿಸಿ ನೀರು ತೆಗೆದುಬಿಡಿ. ಹೈಡ್ರೊಫೋನ್ (ನೀರಿನ ಒತ್ತಡದಿಂದ ಅಲೆ ಹಿಡಿಯುವ ಸಂವೇದಕ) ಬಳಸುವುದಾದರೆ ನೀರು ಬೇಕೇ ಬೇಕು, ಆಗ ಸಂವೇದಕಗಳ ನಡುವೆ ಫೋಮ್ ತಡೆಗಳನ್ನು ಹಾಕಿ. ಆದರೆ ಹೈಡ್ರೊಫೋನಿನಿಂದ ಎಸ್ ಅಲೆ ಸರಿಯಾಗಿ ಸಿಗುವುದಿಲ್ಲ ಅನ್ನುವುದು ನೆನಪಿರಲಿ. ನೀರು ಅಡ್ಡ ಕಂಪನವನ್ನು ಸಾಗಿಸುವುದಿಲ್ಲ.

ಹೊಡೆತ

ಪಿ ಅಲೆಗೆ ಕಬ್ಬಿಣದ ಪ್ಲೇಟ್ ಮೇಲೆ ಸುತ್ತಿಗೆಯಿಂದ ನೇರ ಹೊಡೆತ. ಎಸ್ ಅಲೆಗೆ ಮರದ ದಿಮ್ಮಿ, ಎರಡೂ ತುದಿಗೆ ಕಬ್ಬಿಣದ ತಗಡು, ಮೇಲೆ ಜೀಪಿನ ಮುಂದಿನ ಚಕ್ರ. ಒಮ್ಮೆ ಎಡ ತುದಿಗೆ, ಒಮ್ಮೆ ಬಲ ತುದಿಗೆ ಅಡ್ಡಕ್ಕೆ ಹೊಡೆಯಬೇಕು. ದಿಮ್ಮಿಯ ನಡುಭಾಗ ಬೋರ್‌ಹೋಲಿಗೆ ಎದುರಾಗಿ ಇರಲಿ. ಎರಡೂ ತುದಿ ರಂಧ್ರದಿಂದ ಒಂದೇ ದೂರದಲ್ಲಿರಬೇಕು, ಇಲ್ಲದಿದ್ದರೆ ಎಡ ಬಲದ ರೆಕಾರ್ಡುಗಳು ಒಂದಕ್ಕೊಂದು ಹೊಂದುವುದಿಲ್ಲ.

ದಿಮ್ಮಿಯ ಕೆಳಗೆ ಜಲ್ಲಿ, ಕಾಂಕ್ರೀಟ್, ಟಾರು ಇರಬಾರದು. ನಗರದ ಒಳಗೆ ಇದು ಕಷ್ಟ, ಗೊತ್ತು. ಆದರೂ ಮೇಲಿನ ಗಟ್ಟಿ ಪದರ ಕಿತ್ತು, ಮಣ್ಣು ಸಮ ಮಾಡಿ, ಅದರ ಮೇಲೆ ದಿಮ್ಮಿ ಇಡಿ. ಕಾಂಕ್ರೀಟ್ ಮೇಲೆ ಇಟ್ಟರೆ ಅಲೆ ಚಪ್ಪಡಿಯಲ್ಲೇ ಅಡ್ಡಡ್ಡ ಓಡಿ ರಂಧ್ರದ ಬಾಯಿಗೆ ಬಂದು ಕೇಸಿಂಗಿಗೆ ಸೇರಿಕೊಳ್ಳುತ್ತದೆ.

ರಂಧ್ರದಿಂದ ಎಷ್ಟು ದೂರ? ಸಾಮಾನ್ಯವಾಗಿ 1.5ರಿಂದ 3 ಮೀಟರ್. ತೀರಾ ಹತ್ತಿರ ಹೋದರೆ ಕೇಸಿಂಗ್ ಅಲೆ, ಟ್ಯೂಬ್ ಅಲೆ ಜಾಸ್ತಿ. ತೀರಾ ದೂರ ಹೋದರೆ ಮೇಲಿನ ಪದರಗಳಲ್ಲಿ ದಾರಿ ಬಾಗುತ್ತದೆ, ನೇರ ಗೆರೆಯ ಲೆಕ್ಕ ತಪ್ಪುತ್ತದೆ. ಟೇಪಿನಿಂದ ಅಳೆದು ಬರೆಯಿರಿ.

ಟ್ರಿಗರ್: ಜಾಸ್ತಿ ಗಮನ ಬೇಕಾದ ಜಾಗ

ನೀವು ಅಳೆಯುತ್ತಿರುವುದು ಎರಡು ಕ್ಷಣಗಳ ನಡುವಿನ ಅಂತರ. ಅಲೆ ಬಂದ ಕ್ಷಣದ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಹೊರಟ ಕ್ಷಣದ ಬಗ್ಗೆ ಯಾರೂ ಕೇಳುವುದಿಲ್ಲ. ಆ ಹೊರಟ ಕ್ಷಣವನ್ನು ಉಪಕರಣಕ್ಕೆ ತಿಳಿಸುವ ಸಂಕೇತವೇ ಟ್ರಿಗರ್. ಸುತ್ತಿಗೆಗೆ ಟೇಪ್ ಸುತ್ತಿ ಕಟ್ಟಿದ ಪೀಜೋ ಸ್ವಿಚ್ ಸಡಿಲವಾದರೆ, ಹೊಡೆತದ ಕೋನ ಬದಲಾದರೆ, ಹೊಡೆಯುವವರು ಸುಸ್ತಾಗಿ ಮೆಲ್ಲಗೆ ಹೊಡೆದರೆ, ಟ್ರಿಗರ್ ಪ್ರತಿ ಸಲ ಸ್ವಲ್ಪ ಸ್ವಲ್ಪ ಬೇರೆ ಕ್ಷಣಕ್ಕೆ ಬೀಳುತ್ತದೆ. ಈ ಓಲಾಟ ಬಂಡೆಯ ಭಾಗದಲ್ಲಿ ನಿಮ್ಮ ಇಡೀ ಅಳತೆಯನ್ನೇ ತಿಂದುಹಾಕಬಹುದು, ಮೇಲಿನ ಲೆಕ್ಕ ನೆನಪಿದೆ ಅಲ್ವಾ?

ಹೀಗೆ ಮಾಡಿ. ಹೊಡೆತದ ಜಾಗದ ಪಕ್ಕದಲ್ಲೇ, ನೆಲದಲ್ಲಿ ಒಂದು ರೆಫರೆನ್ಸ್ ಜಿಯೋಫೋನ್ ನೆಡಿ. ಇಡೀ ಟೆಸ್ಟ್ ಮುಗಿಯುವ ತನಕ ಅದನ್ನು ಅಲುಗಾಡಿಸಬೇಡಿ. ಅದರ ರೆಕಾರ್ಡ್ ಬೇರೆ ಚಾನೆಲಿನಲ್ಲಿ ಪ್ರತಿ ಹೊಡೆತಕ್ಕೂ ಉಳಿಯಲಿ. ಹೊಡೆತ ಒಂದೇ ರೀತಿ ಇದ್ದರೆ ಅದರಲ್ಲಿ ಅಲೆ ಪ್ರತಿ ಸಲ ಒಂದೇ ಸಮಯಕ್ಕೆ ಬರಬೇಕು. ಬರದಿದ್ದರೆ ಟ್ರಿಗರ್ ಎಷ್ಟು ಜಾರಿದೆ ಅಂತ ಅದೇ ಹೇಳುತ್ತದೆ, ಅಷ್ಟನ್ನು ಆಮೇಲೆ ಕಳೆಯಬಹುದು. ಒಂದೇ ಒಂದು ಹೆಚ್ಚುವರಿ ಜಿಯೋಫೋನ್. ಇದಕ್ಕಿಂತ ಅಗ್ಗದ ಸುಧಾರಣೆ ಈ ಕೆಲಸದಲ್ಲಿ ಇನ್ನೊಂದಿಲ್ಲ.

ಪ್ರೀ-ಟ್ರಿಗರ್ ಕೂಡ ಇಡಿ. ಹೊಡೆತಕ್ಕೆ ಮುಂಚಿನ ಕನಿಷ್ಠ 100 ಮಿಲಿಸೆಕೆಂಡ್ ರೆಕಾರ್ಡ್ ಆಗಬೇಕು. ಸುತ್ತಲಿನ ಸದ್ದು ಎಷ್ಟಿದೆ ಅಂತ ತಿಳಿಯಲು ಅದು ಬೇಕು, ಕಂಪ್ಯೂಟರ್ ಪಿಕ್ ಮಾಡಲೂ ಬೇಕು. ಮೇಲಿನ ಒಂದೆರಡು ಮೀಟರಿನಲ್ಲಿ ಅಲೆ ಕೆಲವೇ ಮಿಲಿಸೆಕೆಂಡಿನಲ್ಲಿ ಬಂದುಬಿಡುತ್ತದೆ. ಪ್ರೀ-ಟ್ರಿಗರ್ ಇಲ್ಲದಿದ್ದರೆ ಹೋಲಿಸಿ ನೋಡಲು ಮುಂಚಿನ ಭಾಗವೇ ಇರುವುದಿಲ್ಲ.

ಸ್ಯಾಂಪಲಿಂಗ್ ಅಂತರ (ರೆಕಾರ್ಡಿನ ಎರಡು ಬಿಂದುಗಳ ನಡುವಿನ ಸಮಯ) ಮಣ್ಣಿಗೆ 0.125 ಮಿಲಿಸೆಕೆಂಡ್ ಸಾಕು. ಬಂಡೆ ಇದ್ದರೆ 0.0625 ಅಥವಾ ಅದಕ್ಕಿಂತ ಕಡಿಮೆ. ಫೈಲ್ ದೊಡ್ಡದಾಗುತ್ತದೆ ಅಂತ ಈಗಿನ ಕಾಲದಲ್ಲಿ ಯಾರೂ ಜಿಪುಣತನ ಮಾಡಬೇಕಿಲ್ಲ.

ಜಿಯೋಫೋನ್ ಇಳಿಸುವಾಗ

ಮೂರು ದಿಕ್ಕಿನ ಜಿಯೋಫೋನ್ ಬಳಸಿ. ಇಳಿಸುವ ಮೊದಲು ಅದನ್ನು ಮೂರೂ ದಿಕ್ಕಿನಿಂದ ಮೆಲ್ಲಗೆ ತಟ್ಟಿ, ಯಾವ ಚಾನೆಲಿನಲ್ಲಿ ಗೆರೆ ಯಾವ ಕಡೆ ಏಳುತ್ತದೆ ಅಂತ ಬರೆದುಕೊಳ್ಳಿ. ಮುಂದೆ ದಿಕ್ಕಿನ ಗೊಂದಲ ಬಂದಾಗ ಈ ಒಂದು ಸಾಲು ನಿಮ್ಮನ್ನು ಕಾಪಾಡುತ್ತದೆ.

ತಳಕ್ಕೆ ಇಳಿಸಿ ಅಲ್ಲಿಂದ ಮೇಲಕ್ಕೆ ಎಳೆಯುತ್ತಾ ಅಳೆಯಿರಿ. ಆಗ ಕೇಬಲ್ ಬಿಗಿಯಾಗಿರುತ್ತದೆ, ಆಳದ ಗುರುತು ಸರಿ ಬರುತ್ತದೆ. ಪ್ರತಿ ಆಳದಲ್ಲೂ ಕ್ಲ್ಯಾಂಪ್ ಗಟ್ಟಿಯಾಗಿ ಹಿಡಿದ ಮೇಲೆ ಕೇಬಲನ್ನು ಸ್ವಲ್ಪ ಸಡಿಲ ಬಿಡಿ. ಬಿಗಿ ಕೇಬಲ್ ಮೇಲಿನ ಅಲುಗಾಟವನ್ನು ನೇರ ಜಿಯೋಫೋನಿಗೆ ತರುತ್ತದೆ, ಗಾಳಿಗೆ ತಂತಿ ಕಂಪಿಸಿದರೂ ರೆಕಾರ್ಡಿನಲ್ಲಿ ಕಾಣುತ್ತದೆ. ಕ್ಲ್ಯಾಂಪ್ ಸರಿಯಾಗಿ ಕೂತಿದೆಯೇ ಅಂತ ತಿಳಿಯಲು ಒಂದು ಹೊಡೆತ ಹೊಡೆಸಿ ನೋಡಿ. ಮೊದಲ ಅಲೆ ಬಂದ ಮೇಲೂ ಒಂದೇ ಫ್ರೀಕ್ವೆನ್ಸಿಯಲ್ಲಿ ಗಂಟೆ ಬಾರಿಸಿದ ಹಾಗೆ ಕಂಪನ ಮುಂದುವರಿದರೆ ಹಿಡಿತ ಸಾಲದು. ಬಿಚ್ಚಿ ಮತ್ತೆ ಹಿಡಿಸಿ.

ಮೇಲೆ ಬಂದಾದ ಮೇಲೆ, ಕೊನೆಗೆ ಮೂರ್ನಾಲ್ಕು ಆಳಗಳಲ್ಲಿ ಅಳತೆಯನ್ನು ಇನ್ನೊಮ್ಮೆ ಮಾಡಿ. ಎರಡು ಸಲದ ವ್ಯತ್ಯಾಸವೇ ನಿಮ್ಮ ನಿಜವಾದ ತಪ್ಪಿನ ಪ್ರಮಾಣ. ವರದಿಯಲ್ಲಿ ಬರೆಯಲು ಇದಕ್ಕಿಂತ ಪ್ರಾಮಾಣಿಕ ಅಂಕಿ ಬೇರೆ ಇಲ್ಲ.

ನಗರದ ಸದ್ದು, ಸ್ಟ್ಯಾಕಿಂಗ್

ಔಟರ್ ರಿಂಗ್ ರೋಡ್ ಪಕ್ಕ ಒಂದು ಸೈಟ್, ಪೀಣ್ಯದ ಕಾರ್ಖಾನೆಗಳ ನಡುವೆ ಒಂದು ಸೈಟ್, ಮೆಟ್ರೊ ಕಂಬದ ಕೆಳಗೆ ಇನ್ನೊಂದು. ಸದ್ದಿಲ್ಲದ ಜಾಗ ಬೆಂಗಳೂರಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಆದರೆ ಸದ್ದು ಯಾವ ಬಗೆಯದು ಅಂತ ಬೇರೆ ಮಾಡಿ ನೋಡಿದರೆ ಪ್ರತಿಯೊಂದಕ್ಕೂ ಉಪಾಯ ಇದೆ.

ಬಸ್, ಲಾರಿಯ ಕಂಪನ ಬಂದು ಹೋಗುತ್ತದೆ. ಸಿಗ್ನಲ್ ಕೆಂಪಾಗುವುದನ್ನು ಕಾಯಿರಿ, ಸಾಧ್ಯವಾದರೆ ರಾತ್ರಿ ಮಾಡಿ. ಅಕ್ಕಪಕ್ಕದಲ್ಲಿ ಬೋರ್‌ವೆಲ್ ಲಾರಿ ಕೊರೆಯುತ್ತಿದ್ದರೆ ಮಾತ್ರ ಏನೂ ಮಾಡಲಾಗದು, ಅದು ನಿಲ್ಲುವ ತನಕ ಕಾಯಲೇಬೇಕು. ಆಳಕ್ಕೆ ಹೋದಂತೆ ರಸ್ತೆಯ ಸದ್ದು ತಾನಾಗಿ ಕಡಿಮೆಯಾಗುತ್ತದೆ, ಯಾಕೆಂದರೆ ಅದರ ಬಹುಪಾಲು ನೆಲದ ಮೇಲ್ಪದರದಲ್ಲೇ ಓಡುವ ಅಲೆ. ಹಾಗಾಗಿ ಗದ್ದಲದ ಹೊತ್ತಿನಲ್ಲಿ ಆಳದ ಅಳತೆ ಮುಗಿಸಿ, ಶಾಂತ ಹೊತ್ತನ್ನು ಮೇಲಿನ ಮೀಟರುಗಳಿಗೆ ಉಳಿಸಿಕೊಳ್ಳಬಹುದು.

ಟ್ರಾನ್ಸ್‌ಫಾರ್ಮರ್, ಕರೆಂಟ್ ತಂತಿಯಿಂದ ಬರುವ 50 ಹರ್ಟ್ಸ್ ಗುನುಗು ಬೇರೆ ಥರ. ಎಸ್ ಅಲೆಯ ಫ್ರೀಕ್ವೆನ್ಸಿಯೂ ಅದೇ ಆಸುಪಾಸಿನಲ್ಲಿ ಇರುವುದರಿಂದ ಫಿಲ್ಟರ್ ಹಾಕಿದರೆ ಅಲೆಯೂ ಹೋಗುತ್ತದೆ. ಮೊದಲು ಕೇಬಲಿನ ಅರ್ಥಿಂಗ್ ನೋಡಿ, ಉಪಕರಣವನ್ನು ಬ್ಯಾಟರಿಯಲ್ಲಿ ಓಡಿಸಿ, ಜನರೇಟರ್ ದೂರ ಇಡಿ, ಕರೆಂಟ್ ತಂತಿಗೆ ಸಮಾನಾಂತರವಾಗಿ ಕೇಬಲ್ ಹಾಸಬೇಡಿ.

ಉಳಿದದ್ದಕ್ಕೆ ಸ್ಟ್ಯಾಕಿಂಗ್. ಒಂದೇ ಆಳದಲ್ಲಿ ಹಲವು ಹೊಡೆತ ಕೂಡಿಸಿದರೆ ಸದ್ದಿಗೆ ಹೋಲಿಸಿದಾಗ ಅಲೆ ಹೊಡೆತಗಳ ಸಂಖ್ಯೆಯ ವರ್ಗಮೂಲದಷ್ಟು ಮೇಲೇಳುತ್ತದೆ. 4 ಹೊಡೆತಕ್ಕೆ 2 ಪಟ್ಟು, 16ಕ್ಕೆ 4 ಪಟ್ಟು. 16ರಿಂದ ಮುಂದೆ ಲಾಭ ನಿಧಾನ, ಹೊಡೆಯುವವರ ತೋಳಿಗೂ ಮಿತಿ ಇದೆ. ಇಲ್ಲೊಂದು ಮುಖ್ಯ ಮಾತು: ಉಪಕರಣವೇ ಕೂಡಿಸಿ ಒಂದೇ ಫೈಲ್ ಕೊಡುವ ಸೌಲಭ್ಯವನ್ನು ಬಳಸಬೇಡಿ. ಪ್ರತಿ ಹೊಡೆತವನ್ನೂ ಬೇರೆ ಫೈಲಾಗಿ ಉಳಿಸಿ. ಟ್ರಿಗರ್ ಜಾರಿದ ಹೊಡೆತಗಳನ್ನು ಹಾಗೇ ಕೂಡಿಸಿದರೆ ಚೂಪಾದ ಮೊದಲ ಏರು ಮಸುಕಾಗುತ್ತದೆ. ಆಮೇಲೆ ಅದನ್ನು ಬಿಡಿಸಲು ದಾರಿಯೇ ಇಲ್ಲ. ಬೇರೆ ಬೇರೆ ಫೈಲ್ ಇದ್ದರೆ ರೆಫರೆನ್ಸ್ ಜಿಯೋಫೋನ್ ನೋಡಿ ಸರಿಹೊಂದಿಸಿ, ಬಸ್ ಹೋದಾಗಿನ ಹೊಡೆತ ಕೈಬಿಟ್ಟು, ಆಮೇಲೆ ಕೂಡಿಸಬಹುದು. ಸರಾಸರಿಯ ಬದಲು ಮೀಡಿಯನ್ ತೆಗೆದರೆ ಒಂದೆರಡು ಕೆಟ್ಟ ಹೊಡೆತ ಉಳಿದಿದ್ದರೂ ಹಾನಿ ಕಡಿಮೆ.

ಈಗ ಕಂಪ್ಯೂಟರ್ ಮುಂದೆ

ಪೈಥಾನ್ ಬರುವವರಿಗೆ ಒಬ್ಸ್‌ಪೈ ಅನ್ನುವ ಉಚಿತ ಲೈಬ್ರರಿ ಇದೆ. ಸೀಸ್ಮೊಗ್ರಾಫಿನಿಂದ ಬರುವ ಸೆಗ್-2 ಫೈಲುಗಳನ್ನು ಅದು ಓದುತ್ತದೆ, ಕೆಳಗೆ ಹೇಳುವ ವಿಧಾನಗಳಲ್ಲಿ ಹಲವು ಅದರಲ್ಲಿ ಸಿದ್ಧವಾಗಿವೆ. ಕೆಲಸದ ಕ್ರಮ ಮುಖ್ಯ: ಸರಾಸರಿ ಕಳೆಯುವುದು, ಟ್ರಿಗರ್ ಸರಿಹೊಂದಿಸುವುದು, 50 ಹರ್ಟ್ಸ್ ತೆಗೆಯುವುದು, ಸ್ಟ್ಯಾಕ್ ಮಾಡುವುದು, ದಿಕ್ಕು ತಿರುಗಿಸುವುದು, ಆಮೇಲೆ ಪಿಕ್.

50 ಹರ್ಟ್ಸ್ ತೆಗೆಯಲು ನಾಚ್ ಫಿಲ್ಟರ್ (ಒಂದೇ ಫ್ರೀಕ್ವೆನ್ಸಿಯನ್ನು ಕತ್ತರಿಸುವ ಫಿಲ್ಟರ್) ಬೇಡ. ಚೂಪಾದ ಅಲೆಗೆ ಅದು ಬಾಲ ಅಂಟಿಸುತ್ತದೆ. ಅದರ ಬದಲು ಪ್ರೀ-ಟ್ರಿಗರ್ ಭಾಗವನ್ನು ತೆಗೆದುಕೊಂಡು ಅಲ್ಲಿರುವ ಗುನುಗಿನ ಎತ್ತರ, ಹಂತ, ನಿಖರ ಫ್ರೀಕ್ವೆನ್ಸಿಯನ್ನು ಲೆಕ್ಕ ಹಾಕಿ, ಆ ಸೈನ್ ಅಲೆಯನ್ನು ಇಡೀ ಟ್ರೇಸಿನಿಂದ (ಒಂದು ಚಾನೆಲಿನ ರೆಕಾರ್ಡ್ ಗೆರೆ) ಕಳೆಯಿರಿ. ಗ್ರಿಡ್ ಯಾವಾಗಲೂ ಸರಿಯಾಗಿ 50ರಲ್ಲೇ ಇರುವುದಿಲ್ಲ, ಹಾಗಾಗಿ ಫ್ರೀಕ್ವೆನ್ಸಿಯನ್ನೂ ಹುಡುಕಬೇಕು. 100, 150 ಹರ್ಟ್ಸಿಗೂ ಇದನ್ನೇ ಮಾಡಿ.

ಬೇರೆ ಫಿಲ್ಟರ್ ಹಾಕುವ ಮೊದಲು ಇದು ಗೊತ್ತಿರಲಿ. ಜೀರೊ-ಫೇಸ್ ಫಿಲ್ಟರ್ (ರೆಕಾರ್ಡಿನ ಮೇಲೆ ಮುಂದಕ್ಕೂ ಹಿಂದಕ್ಕೂ ಓಡಿಸುವ ಫಿಲ್ಟರ್) ಅಲೆಯನ್ನು ಸರಿಸುವುದಿಲ್ಲ, ನಿಜ, ಆದರೆ ಅದರ ಶಕ್ತಿಯನ್ನು ಎರಡೂ ಕಡೆ ಹರಡುತ್ತದೆ. ನಿಜವಾದ ಅಲೆಗಿಂತ ಮುಂಚೆಯೇ ಸಣ್ಣ ಏರಿಳಿತ ಶುರುವಾಗುತ್ತದೆ, ಪಿಕ್ ಬೇಗ ಬೀಳುತ್ತದೆ. ಸಾಮಾನ್ಯ, ಒಂದೇ ದಿಕ್ಕಿನ ಫಿಲ್ಟರ್ ಆದರೆ ಪಿಕ್ ತಡವಾಗುತ್ತದೆ. ನನ್ನ ಸಲಹೆ: ಫಿಲ್ಟರ್ ಹಾಕಿದ ಟ್ರೇಸ್ ನೋಡಿ ಅಲೆ ಎಲ್ಲಿದೆ ಅಂತ ಗುರುತು ಹಿಡಿಯಿರಿ, ಅಂತಿಮ ಸಮಯವನ್ನು ಫಿಲ್ಟರ್ ಇಲ್ಲದ ಟ್ರೇಸಿನಲ್ಲಿ ತೆಗೆಯಿರಿ. ಫಿಲ್ಟರ್ ಇಲ್ಲದೆ ಆಗುವುದೇ ಇಲ್ಲ ಅನ್ನುವ ಡೇಟಾಗೆ, ಎಲ್ಲ ಆಳಕ್ಕೂ ಒಂದೇ ಫಿಲ್ಟರ್ ಬಳಸಿ. ಆಗ ತಪ್ಪು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಆಗುತ್ತದೆ, ಎರಡು ಆಳಗಳ ವ್ಯತ್ಯಾಸದಲ್ಲಿ ಬಹುಪಾಲು ಹೊಡೆದುಹೋಗುತ್ತದೆ.

ದಿಕ್ಕು ತಿರುಗಿಸುವುದು ಎಸ್ ಅಲೆಗೆ ಬೇಕು. ಕೇಬಲಿನಲ್ಲಿ ತೂಗುವ ಜಿಯೋಫೋನ್ ಪ್ರತಿ ಆಳದಲ್ಲೂ ಬೇರೆ ದಿಕ್ಕಿಗೆ ತಿರುಗಿರುತ್ತದೆ. ಎರಡು ಅಡ್ಡ ಚಾನೆಲುಗಳನ್ನು ಎಕ್ಸ್, ವೈ ಅನ್ನಿ. ಎಸ್ ಅಲೆ ಇರುವ ಕಿಟಕಿಯಲ್ಲಿ (ರೆಕಾರ್ಡಿನಿಂದ ಆರಿಸಿದ ಸಮಯದ ತುಂಡು) ಎಕ್ಸ್ ವರ್ಗಗಳ ಮೊತ್ತ, ವೈ ವರ್ಗಗಳ ಮೊತ್ತ, ಎಕ್ಸ್-ವೈ ಗುಣಲಬ್ಧದ ಮೊತ್ತ ತೆಗೆಯಿರಿ. ಗುಣಲಬ್ಧದ ಮೊತ್ತದ ಎರಡರಷ್ಟನ್ನು ಮೊದಲೆರಡರ ವ್ಯತ್ಯಾಸದಿಂದ ಭಾಗಿಸಿದರೆ ಸಿಗುವುದು ತಿರುಗಿಸಬೇಕಾದ ಕೋನದ ಎರಡರಷ್ಟರ ಟ್ಯಾಂಜೆಂಟ್. ಆ ಕೋನಕ್ಕೆ ತಿರುಗಿಸಿದರೆ ಶಕ್ತಿಯೆಲ್ಲ ಒಂದೇ ಚಾನೆಲಿಗೆ ಬರುತ್ತದೆ. 180 ಡಿಗ್ರಿ ಗೊಂದಲ ಉಳಿಯಬಹುದು, ಪಕ್ಕದ ಆಳದ ಟ್ರೇಸ್ ಜೊತೆ ಹೋಲಿಸಿ ಸರಿ ಮಾಡಿ.

ಆಮೇಲೆ ಎಡ ಹೊಡೆತದಿಂದ ಬಲ ಹೊಡೆತ ಕಳೆಯಿರಿ. ದಿಕ್ಕು ಬದಲಾಗುವ ಎಸ್ ಅಲೆ ಎರಡು ಪಟ್ಟಾಗುತ್ತದೆ, ಬದಲಾಗದ ಪಿ ಅಲೆ ಬಹುಪಾಲು ಅಳಿಸಿಹೋಗುತ್ತದೆ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡುವುದನ್ನೂ ಬಿಡಬೇಡಿ. ಎರಡು ಗೆರೆ ಚಿಟ್ಟೆಯ ರೆಕ್ಕೆಯಂತೆ ಬೇರೆಯಾಗುವ ಜಾಗವೇ ಎಸ್ ಅಲೆಯ ಆರಂಭ. ಕಣ್ಣಿಗೆ ಇಷ್ಟು ಸ್ಪಷ್ಟ ಪುರಾವೆ ಬೇರೆ ಯಾವ ವಿಧಾನವೂ ಕೊಡುವುದಿಲ್ಲ.

ಪಿಕ್ ಮಾಡುವುದು

ಕೈಯಿಂದಲೇ ಶುರು ಮಾಡಿ. ಎಲ್ಲ ಆಳದ ಟ್ರೇಸುಗಳನ್ನು ಒಂದೇ ಚಿತ್ರದಲ್ಲಿ, ಆಳದ ಕ್ರಮದಲ್ಲಿ ಇಟ್ಟು, ದೂರದಿಂದ ನೋಡಿ. ಒಂಟಿ ಟ್ರೇಸ್ ನೋಡಿ ಪಿಕ್ ಮಾಡಬೇಡಿ. ಪಕ್ಕಪಕ್ಕದಲ್ಲಿ ಇಟ್ಟಾಗ ಅಲೆ ಒಂದು ಸಾಲಾಗಿ ಇಳಿಯುವುದು ಕಾಣುತ್ತದೆ, ಆ ಸಾಲು ಎಲ್ಲಿ ಮುರಿಯುತ್ತದೆ ಅಂತಲೂ ಕಾಣುತ್ತದೆ. ಪಿ ಅಲೆಗೆ ಮೊದಲ ಏರು ಹಿಡಿಯಿರಿ. ಎಸ್ ಅಲೆಯ ಆರಂಭ ಪಿ ಅಲೆಯ ಬಾಲದಲ್ಲಿ ಮುಚ್ಚಿದ್ದರೆ ಮೊದಲ ಶಿಖರವನ್ನು ಹಿಡಿಯಬಹುದು, ಆದರೆ ಎಲ್ಲ ಆಳದಲ್ಲೂ ಅದನ್ನೇ ಹಿಡಿಯಬೇಕು. ಅರ್ಧಕ್ಕೆ ಬದಲಾಯಿಸಿದರೆ ನೆಲದಲ್ಲಿ ಇಲ್ಲದ ಪದರವೊಂದು ನಿಮ್ಮ ವರದಿಯಲ್ಲಿ ಹುಟ್ಟುತ್ತದೆ.

ಟ್ರೇಸುಗಳು ನೂರಾರು ಇದ್ದಾಗ ಕಂಪ್ಯೂಟರಿನ ಸಹಾಯ ಬೇಕು. ಹಳೆಯ, ಈಗಲೂ ಒಳ್ಳೆಯ ದಾರಿ ಎಸ್‌ಟಿಎ/ಎಲ್‌ಟಿಎ. ಸಣ್ಣ ಕಿಟಕಿಯ ಸರಾಸರಿ ಶಕ್ತಿಯನ್ನು ಉದ್ದ ಕಿಟಕಿಯ ಸರಾಸರಿಯಿಂದ ಭಾಗಿಸುವುದು, ಅಷ್ಟೇ. ಭೂಕಂಪದ ಅಲೆಗಳನ್ನು ಕಂಪ್ಯೂಟರಿನಿಂದ ಗುರುತಿಸಲು ಅಲೆನ್ 1978ರಲ್ಲಿ ಪ್ರಕಟಿಸಿದ ವಿಧಾನ ಇದನ್ನು ಜನಪ್ರಿಯ ಮಾಡಿತು. ಸಣ್ಣ ಕಿಟಕಿ ಅಲೆಯ ಒಂದೆರಡು ಆವರ್ತದಷ್ಟು ಇರಲಿ, ಉದ್ದ ಕಿಟಕಿ ಅದರ 5ರಿಂದ 10 ಪಟ್ಟು. ಪಿ ಅಲೆ 200 ಹರ್ಟ್ಸ್ ಇದ್ದರೆ ಒಂದು ಆವರ್ತ 5 ಮಿಲಿಸೆಕೆಂಡ್, ಉದ್ದ ಕಿಟಕಿ 50 ಮಿಲಿಸೆಕೆಂಡ್ ಆಯಿತು. ಪ್ರೀ-ಟ್ರಿಗರ್ 100 ಇಡಿ ಅಂದಿದ್ದು ಇದಕ್ಕೂ ಸೇರಿಸಿ. ಈ ಅನುಪಾತ ಮಿತಿ ದಾಟುವ ಹೊತ್ತಿಗೆ ಅಲೆ ಆಗಲೇ ಬಂದಾಗಿರುತ್ತದೆ. ಹಾಗಾಗಿ ಎಸ್‌ಟಿಎ/ಎಲ್‌ಟಿಎ ಪಿಕ್ ಯಾವಾಗಲೂ ಸ್ವಲ್ಪ ತಡ. ಅದನ್ನು ಅಂತಿಮ ಉತ್ತರ ಅಂತ ತೆಗೆದುಕೊಳ್ಳಬೇಡಿ, ಎಲ್ಲಿ ಹುಡುಕಬೇಕು ಅನ್ನುವ ಸೂಚನೆ ಅಂತ ತೆಗೆದುಕೊಳ್ಳಿ.

ನಿಖರ ಕ್ಷಣಕ್ಕೆ ಎಐಸಿ (ಅಕೈಕೆ ಮಾಹಿತಿ ಮಾನದಂಡ) ಬಳಸಿ. ಮಾಯೆದಾ 1985ರಲ್ಲಿ ಕೊಟ್ಟ ಸರಳ ರೂಪ ಸಾಕು. ಕಿಟಕಿಯ ಪ್ರತಿ ಬಿಂದುವಿನಲ್ಲೂ ಟ್ರೇಸನ್ನು ಎರಡು ಭಾಗ ಮಾಡಿ, ಪ್ರತಿ ಭಾಗದ ವೇರಿಯನ್ಸಿನ (ಏರಿಳಿತದ ಪ್ರಮಾಣ) ಲಾಗ್ ತೆಗೆದು, ಆ ಭಾಗದ ಬಿಂದುಗಳ ಸಂಖ್ಯೆಯಿಂದ ಗುಣಿಸಿ ಕೂಡಿಸುವುದು. ಮೊತ್ತ ಎಲ್ಲಿ ಅತಿ ಕಡಿಮೆಯೋ ಅಲ್ಲಿ ಸದ್ದು ಮುಗಿದು ಅಲೆ ಶುರುವಾಗಿದೆ. ಆದರೆ ಎಐಸಿಗೆ ಒಂದು ಗುಣ ಇದೆ: ಅಲೆ ಇಲ್ಲದ ಕಿಟಕಿ ಕೊಟ್ಟರೂ ಯಾವುದೋ ಒಂದು ಕನಿಷ್ಠ ಬಿಂದು ತೋರಿಸಿಯೇ ತೋರಿಸುತ್ತದೆ. ಕಿಟಕಿ ಚಿಕ್ಕದಿರಲಿ, ಅದರಲ್ಲಿ ಒಂದೇ ಅಲೆಯ ಆರಂಭ ಇರಲಿ, ಕನಿಷ್ಠ ಬಿಂದು ಚೂಪಾಗಿದೆಯೋ ಚಪ್ಪಟೆಯೋ ನೋಡಿ. ಚಪ್ಪಟೆ ಆಗಿದ್ದರೆ ಆ ಪಿಕ್ ನಂಬಬೇಡಿ. ಪಿಕ್‌ನ ಮುಂಚಿನ, ನಂತರದ ಶಕ್ತಿಯ ಅನುಪಾತವನ್ನೂ ಪ್ರತಿ ಟ್ರೇಸಿಗೆ ಬರೆದಿಡಿ, ಮುಂದೆ ತೂಕ ಕೊಡಲು ಬರುತ್ತದೆ.

ಬಂಡೆಯ ಭಾಗಕ್ಕೆ ಕ್ರಾಸ್-ಕೋರಿಲೇಶನ್ ಸೇರಿಸಿ. ಪಕ್ಕದ ಎರಡು ಆಳಗಳ ಅಲೆಯ ಆಕಾರ ಒಂದೇ ಇದ್ದರೆ, ಒಂದನ್ನು ಇನ್ನೊಂದರ ಮೇಲೆ ಜಾರಿಸಿ ಅತಿ ಚೆನ್ನಾಗಿ ಹೊಂದುವ ಜಾಗ ಹುಡುಕಿ, ಆ ಶಿಖರದ ಸುತ್ತಲಿನ ಮೂರು ಬಿಂದುಗಳಿಗೆ ಪ್ಯಾರಾಬೋಲಾ ಹೊಂದಿಸಿದರೆ ಸ್ಯಾಂಪಲಿಂಗ್ ಅಂತರಕ್ಕಿಂತ ಸೂಕ್ಷ್ಮವಾದ ಸಮಯ ವ್ಯತ್ಯಾಸ ಸಿಗುತ್ತದೆ. ಮಣ್ಣಿನಿಂದ ಬಂಡೆಗೆ ದಾಟುವ ಜಾಗದಲ್ಲಿ ಅಲೆಯ ಆಕಾರವೇ ಬದಲಾಗುವುದರಿಂದ ಅಲ್ಲಿ ಇದನ್ನು ಬಳಸಬೇಡಿ. ಮೇಲಿಂದ ಕೆಳಗಿನವರೆಗೆ ಈ ವ್ಯತ್ಯಾಸಗಳನ್ನು ಕೂಡಿಸುತ್ತಾ ಹೋದರೆ ಸಣ್ಣ ಸಣ್ಣ ತಪ್ಪು ಗುಡ್ಡೆಯಾಗುತ್ತದೆ. ಎಐಸಿ ಪಿಕ್‌ಗಳ ಜೊತೆ ಕಟ್ಟಿ ಹಾಕಿ, ಎರಡಕ್ಕೂ ಹೊಂದುವ ಉತ್ತರವನ್ನು ಲೀಸ್ಟ್ ಸ್ಕ್ವೇರ್ಸ್‌ನಿಂದ (ತಪ್ಪುಗಳ ವರ್ಗಗಳ ಮೊತ್ತ ಅತಿ ಕಡಿಮೆ ಮಾಡುವ ವಿಧಾನ) ತೆಗೆಯಿರಿ.

ಡೀಪ್ ಲರ್ನಿಂಗ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಅಲೆಯನ್ನು ತಾನೇ ಪಿಕ್ ಮಾಡುವ ಫೇಸ್‌ನೆಟ್ ಥರದ ಮಾದರಿಗಳು ನಿಜಕ್ಕೂ ಚೆನ್ನಾಗಿವೆ. ಆದರೆ ಫೇಸ್‌ನೆಟ್ ಕಲಿತದ್ದು ಉತ್ತರ ಕ್ಯಾಲಿಫೋರ್ನಿಯಾದ ಭೂಕಂಪಗಳ ರೆಕಾರ್ಡಿನಿಂದ, ಸೆಕೆಂಡಿಗೆ 100 ಸ್ಯಾಂಪಲ್ ದರದಲ್ಲಿ. ನಿಮ್ಮ ಸುತ್ತಿಗೆ ಹೊಡೆತದ ರೆಕಾರ್ಡ್ ಸೆಕೆಂಡಿಗೆ 8,000 ಅಥವಾ 16,000 ಸ್ಯಾಂಪಲ್. ನೇರ ಹಾಕಿದರೆ ಹೊಂದುವುದಿಲ್ಲ. ನಿಮ್ಮದೇ ಸೈಟುಗಳ ಕೈಪಿಕ್ ಇಟ್ಟುಕೊಂಡು ಮತ್ತೆ ಕಲಿಸಬೇಕು. ಒಂದೆರಡು ಬೋರ್‌ಹೋಲಿಗೆ ಅಷ್ಟು ಶ್ರಮ ಬೇಡ.

ಕ್ರಾಸ್‌ಹೋಲ್ ಮಾಡುವವರಿಗೆ ಎರಡು ಎಚ್ಚರಿಕೆ

ಒಂದು, ರಂಧ್ರಗಳ ವಾಲಿಕೆ ಅಳೆಯಲೇಬೇಕು. ಮೇಲೆ 3 ಮೀಟರ್ ಅಂತರ ಇರುವ ಎರಡು ರಂಧ್ರಗಳು ತಲಾ ಶೇ 1ರಷ್ಟು ವಿರುದ್ಧ ದಿಕ್ಕಿಗೆ ವಾಲಿದ್ದರೆ 30 ಮೀಟರ್ ಆಳದಲ್ಲಿ ಅಂತರ 3.6 ಮೀಟರ್. ಪಿಕ್ ಎಷ್ಟೇ ಚೆನ್ನಾಗಿದ್ದರೂ ವೇಗದಲ್ಲಿ ಶೇ 17ರಷ್ಟು ತಪ್ಪು.

ಎರಡು, ಬಂಡೆಯ ಸ್ವಲ್ಪ ಮೇಲೆ ಅಳೆಯುವಾಗ ಮೊದಲು ಬರುವ ಅಲೆ ಮಣ್ಣಿನಲ್ಲಿ ನೇರ ಬಂದದ್ದು ಅಲ್ಲದೆ ಇರಬಹುದು. ಅಲೆ ಕೆಳಗಿಳಿದು, ಬಂಡೆಯ ಮೇಲ್ಮೈಯಲ್ಲಿ ವೇಗವಾಗಿ ಓಡಿ, ಮತ್ತೆ ಮೇಲೆ ಬಂದು ತಲುಪುತ್ತದೆ. ಲೆಕ್ಕ ಹಾಕಿ ನೋಡೋಣ. ಮಣ್ಣಿನಲ್ಲಿ ಎಸ್ ಅಲೆ 300, ಬಂಡೆಯಲ್ಲಿ 1500, ರಂಧ್ರಗಳ ಅಂತರ 3 ಮೀಟರ್. ಬಂಡೆಯಿಂದ ಸುಮಾರು 1.2 ಮೀಟರ್ ಮೇಲಿನವರೆಗೂ ಸುತ್ತು ದಾರಿಯ ಅಲೆಯೇ ಮೊದಲು ಬರುತ್ತದೆ. ಅಂತರ 6 ಮೀಟರ್ ಇದ್ದರೆ ಈ ವಲಯ ಸುಮಾರು 2.4 ಮೀಟರ್. ನಮ್ಮ ನೆಲದಲ್ಲಿ ಮಣ್ಣು ಬಂಡೆಯ ವ್ಯತ್ಯಾಸ ಇಷ್ಟೊಂದು ಇರುವಾಗ ಇದು ಅಪರೂಪದ ಸಂಗತಿ ಅಲ್ಲ. ಆ ವಲಯದ ಪಿಕ್‌ಗಳನ್ನು ನೇರ ಅಲೆ ಅಂತ ಲೆಕ್ಕ ಹಾಕಿದರೆ ಶಿಥಿಲ ಪದರ ಇರುವುದಕ್ಕಿಂತ ಗಟ್ಟಿ ಅಂತ ವರದಿ ಹೋಗುತ್ತದೆ, ಅದರ ಮೇಲೆ ಅಡಿಪಾಯದ ವಿನ್ಯಾಸವೂ ಆಗುತ್ತದೆ. ಆ ಆಳಗಳಲ್ಲಿ ಮೊದಲ ಸಣ್ಣ ಅಲೆಯ ಹಿಂದೆ ಬರುವ ದೊಡ್ಡ ನೇರ ಅಲೆಯನ್ನು ಹುಡುಕಿ, ಇಲ್ಲವೇ ಬಾಗುವ ದಾರಿಯನ್ನೇ ಲೆಕ್ಕಕ್ಕೆ ಸೇರಿಸಿ.

ಪಿಕ್ ಆದ ಮೇಲೆ ಪರೀಕ್ಷೆ

ಡೌನ್‌ಹೋಲ್ ಸಮಯ ಓರೆ ದಾರಿಯದು, ಅದನ್ನು ನೇರ ದಾರಿಗೆ ಇಳಿಸಿ. ಆಳ 5 ಮೀಟರ್, ದಿಮ್ಮಿ 2 ಮೀಟರ್ ದೂರ ಇದ್ದರೆ ಓರೆ ದಾರಿ 5.39 ಮೀಟರ್. 20 ಮಿಲಿಸೆಕೆಂಡ್ ಅಂತ ಪಿಕ್ ಸಿಕ್ಕಿದ್ದರೆ ನೇರ ಸಮಯ 18.57. ಆಳ ಹೆಚ್ಚಿದಂತೆ ಈ ವ್ಯತ್ಯಾಸ ಕರಗುತ್ತದೆ, ಮೇಲಿನ ಮೀಟರುಗಳಲ್ಲಿ ಮಾತ್ರ ಬಿಡುವಂತಿಲ್ಲ.

ಈಗ ಆಳದ ಎದುರು ಸಮಯ ಇಟ್ಟು ಚಿತ್ರ ಬರೆಯಿರಿ. ಬೋರ್‌ಲಾಗ್ ಪಕ್ಕದಲ್ಲಿ ಇಡಿ. ಒಂದೊಂದು ಮೀಟರಿಗೂ ವೇಗ ತೆಗೆಯುವ ಆಸೆ ಬಿಡಿ, ಪದರದ ಎಲ್ಲ ಬಿಂದುಗಳಿಗೂ ಒಂದೇ ಗೆರೆ ಹೊಂದಿಸಿ. ಶುರುವಿನ ಲೆಕ್ಕವನ್ನೇ 5 ಮೀಟರಿಗೆ ಹಾಕಿ ನೋಡಿ. ಒಟ್ಟು 1.0 ಮಿಲಿಸೆಕೆಂಡ್, ತಪ್ಪು ಅದೇ 0.1. ವೇಗ ಈಗ 4,500 ಮತ್ತು 5,600ರ ನಡುವೆ ನಿಲ್ಲುತ್ತದೆ. ಪಿಕ್ ಬದಲಾಗಲಿಲ್ಲ, ಕೇಳಿದ ಪ್ರಶ್ನೆ ಬದಲಾಯಿತು.

ಅನುಮಾನ ಪಡಬೇಕಾದ ಗುರುತುಗಳು ಕೆಲವು. ಆಳ ಹೆಚ್ಚಾದರೂ ಸಮಯ ಕಡಿಮೆಯಾದರೆ ಮೊದಲು ಟ್ರಿಗರ್ ನೋಡಿ. ಬೋರ್‌ಲಾಗಿನಲ್ಲಿ ಮೂರು ಪದರ ಇದ್ದೂ ನಿಮ್ಮ ಗೆರೆ ಮೇಲಿಂದ ಕೆಳಗೆ ಒಂದೇ ಓರೆಯಲ್ಲಿ ಇದ್ದರೆ ಅದು ಕೇಸಿಂಗ್ ಅಲೆಯೋ ಟ್ಯೂಬ್ ಅಲೆಯೋ ಆಗಿರುವ ಸಾಧ್ಯತೆ ಜಾಸ್ತಿ. ನೀರಿನ ಮಟ್ಟದ ಕೆಳಗೆ ಮಣ್ಣಿನ ಪಿ ವೇಗ ಸುಮಾರು 1500ಕ್ಕೆ ಜಿಗಿಯಬೇಕು, ಎಸ್ ವೇಗ ಜಿಗಿಯಬಾರದು. ಎರಡೂ ಒಟ್ಟಿಗೆ ಜಿಗಿದರೆ ನೀವು ಎಸ್ ಅಂತ ಹಿಡಿದದ್ದು ಪಿ ಅಲೆಯ ಬಾಲ ಇರಬಹುದು. ಪಿ ವೇಗವನ್ನು ಎಸ್ ವೇಗದಿಂದ ಭಾಗಿಸಿದಾಗ 1.41ಕ್ಕಿಂತ ಕಡಿಮೆ ಬಂದರೆ ಪಾಯ್ಸನ್ ಅನುಪಾತ (ಒತ್ತಿದಾಗ ಪಕ್ಕಕ್ಕೆ ಎಷ್ಟು ಉಬ್ಬುತ್ತದೆ ಅನ್ನುವ ಅಳತೆ) ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಮಣ್ಣು, ಬಂಡೆಯಲ್ಲಿ ಅದು ನಡೆಯದ ಮಾತು, ಎರಡರಲ್ಲಿ ಒಂದು ಪಿಕ್ ತಪ್ಪು. ಗಟ್ಟಿ ಬಂಡೆಯಲ್ಲಿ ಈ ಭಾಗಲಬ್ಧ 1.7ರ ಆಸುಪಾಸಿನಲ್ಲಿ ಬಂದರೆ ನೆಮ್ಮದಿ. ಶಿಥಿಲ ಪದರದ ನಡುವೆ ಒಂದೆರಡು ಮೀಟರ್ ಮಾತ್ರ ವೇಗ ಏರಿ ಇಳಿದರೆ ತಕ್ಷಣ ಅಳಿಸಿಬಿಡಬೇಡಿ. ಕೊರೆದು ತೆಗೆದ ಕಲ್ಲಿನ ಪೆಟ್ಟಿಗೆ ತೆಗೆಸಿ, ಆ ಆಳದಲ್ಲಿ ಗುಂಡುಕಲ್ಲು ಸಿಕ್ಕಿತ್ತೇ ನೋಡಿ.

ಸಾಧ್ಯವಾದರೆ ಇನ್ನೊಬ್ಬರಿಗೆ ನಿಮ್ಮ ಪಿಕ್ ತೋರಿಸದೆ ಅದೇ ಡೇಟಾ ಕೊಟ್ಟು ಪಿಕ್ ಮಾಡಿಸಿ. ಇಬ್ಬರ ನಡುವಿನ ವ್ಯತ್ಯಾಸವನ್ನು, ಎರಡನೇ ಸಲ ಅಳೆದ ಆಳಗಳ ವ್ಯತ್ಯಾಸವನ್ನು ಸೇರಿಸಿ ಪ್ರತಿ ಪದರದ ವೇಗದ ಪಕ್ಕದಲ್ಲಿ ಇಷ್ಟು ಆಚೀಚೆ ಅಂತ ಬರೆಯಿರಿ. ಮೂಲ ಫೈಲುಗಳು, ಸೈಟ್ ನೋಟ್‌ಬುಕ್ಕಿನ ಫೋಟೊ, ಯಾವ ಟ್ರೇಸಿನಲ್ಲಿ ಏರು ಹಿಡಿದಿರಿ ಯಾವುದರಲ್ಲಿ ಶಿಖರ ಹಿಡಿದಿರಿ ಅನ್ನುವ ಪಟ್ಟಿ, ಇವನ್ನೂ ವರದಿಯ ಜೊತೆ ಕೊಡಿ. ಕಟ್ಟಡದ ವಿನ್ಯಾಸ ಮಾಡುವವರು ಮುಂದೆ ಪ್ರಶ್ನೆ ಕೇಳಿದಾಗ ಯಾರು ಬೇಕಾದರೂ ಆ ಫೈಲ್ ತೆರೆದು ಮತ್ತೆ ಪಿಕ್ ಮಾಡಿ ನೋಡುವಂತಿರಬೇಕು.